ದಡದವನ ಪಾಲು

ಗಂಡನ ಅಂಗಿಯ ಎರಡನೆಯ ಗುಂಡಿಗೆ ಕೊನೆಯ ಹೊಲಿಗೆ ಹಾಕಿ, ಅವನ ಎದೆಯ ಮೇಲೆ ಬಗ್ಗಿ, ಅವಳು ಹಲ್ಲಿನಿಂದ ದಾರ ಕಡಿದಳು. ಊರಿಗೆಲ್ಲ ಗುಂಡಿ ಹಾಕಿಕೊಟ್ಟ ದರ್ಜಿ, ತನ್ನ ಒಂದೇ ಒಂದು ಒಳ್ಳೆಯ ಅಂಗಿಯ ಗುಂಡಿ ಬಿದ್ದು ವರ್ಷವಾದರೂ ಹಾಗೇ ಬಿಟ್ಟಿದ್ದ. ಅವಳೂ ಹಾಕಿಕೊಟ್ಟಿರಲಿಲ್ಲ. ಪುರುಸೊತ್ತು ಇರಲಿಲ್ಲವೆಂದಲ್ಲ, ಹಟ.

ಮಗಳು ಬಾಗಿಲಲ್ಲಿ ಬಂದು ನಿಂತಳು. "ಅಮ್ಮ, ಕೊಕ್ಕರೆ ಮಾಮ ಬಂದಿದಾರೆ. ಗೇಟಿನ ಹತ್ತಿರ ನಿಂತಿದಾರೆ."

"ಮಾಮ ಅನ್ನೋಕೆ ಅವರು ನನಗೇನು ಅಣ್ಣನಾ, ತಮ್ಮನಾ?"

"ಅಪ್ಪನ ಪೆಟ್ಟಿಗೆಗೆ ಹೆಗಲು ಕೊಡ್ತೀನಿ, ಅಮ್ಮನ್ನ ಕೇಳು ಅಂದ್ರು."

"ಮನೆಯವರೇ ನಾಲ್ಕು ಜನ ಇದ್ದಾರೆ ಅಂತ ಹೇಳು."

ನಾಲ್ಕು ಜನ ಇದ್ದದ್ದೂ ನಿಜವೇ. ಮೈದುನ, ಅವನ ಇಬ್ಬರು ಗಂಡುಮಕ್ಕಳು, ಅಳಿಯ. ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಕಿಟಕಿಯಿಂದ ಇಣುಕಿದಳು. ಸೈಕಲ್ ರಿಪೇರಿಯವನು ಗೇಟಿನಾಚೆ ಒಂಟಿ ಕಾಲಿಗೆ ಭಾರ ಕೊಟ್ಟು ನಿಂತಿದ್ದ. ಅಷ್ಟುದ್ದ ಕಾಲು, ಹೊಳೆಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವ ಅಭ್ಯಾಸ. ಊರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಅವನು ಹಾಕಿಕೊಂಡು ಬಂದ ಕೋಟಿನಲ್ಲಿ. ಮೀನು ಹಿಡಿಯುವವರು ಹಾಕುವ, ಹನ್ನೊಂದು ಜೇಬಿನ ಕೋಟು. ಆ ಹೊಲಿಗೆ ಯಾರದ್ದೆಂದು ಅವಳಿಗೆ ಗೊತ್ತು. ಅಡುಗೆಮನೆಯ ಕಿಟಕಿಗೆ ಪರದೆ ಹೊಲಿದುಕೊಡಿ ಎಂದು ಎರಡು ವರ್ಷ ಗಂಡನನ್ನು ಗೋಗರೆದಿದ್ದಳು. ಅದೇ ಎರಡು ವರ್ಷದಲ್ಲಿ ಕೊಕ್ಕರೆಗೆ ಹನ್ನೊಂದು ಜೇಬು ಆಗಿಹೋಗಿತ್ತು.

*

ಗಂಡನಿಗೂ ಕೊಕ್ಕರೆಗೂ ಮದುವೆಗೂ ಮುಂಚಿನ ಗೆಳೆತನ. ವಾರವೆಲ್ಲ ಮೂಕಬಸವನಂತೆ ಯಂತ್ರ ತುಳಿಯುವ ಮನುಷ್ಯನಿಗೆ ಶನಿವಾರ ಸಂಜೆಯಾದರೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. ಗಾಳಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತ ಅವನು ಏನೋ ಗುನುಗುತ್ತಿದ್ದ. ತನ್ನ ಜೊತೆ ಕೂತಾಗ ಅವನು ಗುನುಗಿದ್ದನ್ನು ಅವಳು ಕೇಳಿರಲಿಲ್ಲ. ಸವತಿ ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಕೊಕ್ಕರೆಯ ಜೊತೆ ಏನೆಂದು ಜಗಳವಾಡುವುದು?

ಮಗಳಿಗೆ ಆರು ತಿಂಗಳಿದ್ದಾಗ ಒಂದು ಭಾನುವಾರ ಅವನು ಅಡಿಯಿಂದ ಮುಡಿಯವರೆಗೆ ತೊಯ್ದು ಬಂದ. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಇಬ್ಬರೂ ನಡುಹೊಳೆಯಲ್ಲಿದ್ದರಂತೆ, ಮೇಲೆ ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆ, ನೀರು ಏರಿದ್ದು ತಿಳಿಯುವ ಹೊತ್ತಿಗೆ ಕಾಲು ನೆಲ ಬಿಟ್ಟಿದೆ. ಕೊಕ್ಕರೆ ಕೊರಳಪಟ್ಟಿ ಹಿಡಿದು ಎಳೆದು ಹಾಕಿದ. ಕೊಕ್ಕರೆ ಇಲ್ಲದಿದ್ದರೆ ಇವತ್ತು ನಾನಿಲ್ಲ. ಕೊಕ್ಕರೆ ಹಾಗೆ, ಕೊಕ್ಕರೆ ಹೀಗೆ.

ಅವಳು ನಡುಗುತ್ತಿದ್ದಳು, ಅದು ನಿಜ. ಆದರೆ ಆ ನಡುಕದಲ್ಲಿ ಮುಕ್ಕಾಲು ಭಯವಾದರೆ ಕಾಲು ಭಾಗ ಹೊಟ್ಟೆಕಿಚ್ಚು. ಮಗುವನ್ನು ಅವನ ಒದ್ದೆ ತೊಡೆಯ ಮೇಲೆ ಕೂರಿಸಿ, "ಇನ್ನು ನೀರಿಗೆ ಕಾಲಿಡಲ್ಲ ಅಂತ ನನಗೆ ಮಾತು ಕೊಡಿ" ಎಂದಳು. ಅವನು ಕೊಟ್ಟ. ನೀರು ನಿಂತರೆ ಕೊಕ್ಕರೆಯೂ ನಿಲ್ಲುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ಮುಂದಿನ ಭಾನುವಾರ ಅವನು ಗಾಳದ ಕೋಲು ಹಿಡಿದು ಹೊರಟೇಬಿಟ್ಟ. ಸಂಜೆ ಮೊಳದುದ್ದದ ಮೀನು ತಂದ. ಅವಳು ಮೀನು ಮಾರುವವಳ ಹತ್ತಿರ ಸುಮ್ಮನೆ ಕೇಳಿದಂತೆ ಕೇಳಿದಳು. ದಡದಲ್ಲಿ ಕೂತವರಿಗೆ ಬೆರಳುದ್ದದ ಮರಿ ಸಿಕ್ಕರೆ ಹೆಚ್ಚು, ಮೊಳದ ಮೀನಿಗೆ ನಡುಹೊಳೆಗೇ ಇಳಿಯಬೇಕು ಎಂದಳು ಆಕೆ.

ಅಷ್ಟೇ. ಆಮೇಲೆ ಇಪ್ಪತ್ತೆಂಟು ವರ್ಷ ಅವಳು ಆ ವಿಷಯ ಎತ್ತಲಿಲ್ಲ. ಭಾನುವಾರ ಬಂದರೆ ಮೊಳದ ಮೀನು ಬರುತ್ತಿತ್ತು. ಮಾತು ಮುರಿದದ್ದಕ್ಕೆ ಸಾಕ್ಷಿಯನ್ನು ತಾನೇ ತೊಳೆದು, ತಾನೇ ಬೇಯಿಸಿ, ಅವನ ತಟ್ಟೆಗೆ ಹಾಕುತ್ತಿದ್ದಳು. ತಾನು ಮಾತ್ರ ಮುಟ್ಟುತ್ತಿರಲಿಲ್ಲ. "ನಿನಗೆ ಅಂತಾನೇ ತಂದದ್ದು" ಎಂದು ಅವನು ಹೇಳಿದಾಗಲೆಲ್ಲ ಹೊಳೆಮೀನು ತನಗೆ ಆಗಿಬರುವುದಿಲ್ಲ ಎನ್ನುತ್ತಿದ್ದಳು.

*

ಇಷ್ಟು ವರ್ಷ ಹೊಳೆಗೆ ಹೆದರಿದ್ದೇ ಬಂತು, ಜೀವ ಹೋದದ್ದು ಗುರುವಾರ ಮಧ್ಯಾಹ್ನ, ಅಂಗಡಿಯಲ್ಲಿ, ಯಾರದೋ ಪ್ಯಾಂಟಿನ ಅಂಚು ಮಡಿಸುವಾಗ. ಆ ಪ್ಯಾಂಟಿನ ಯಜಮಾನನೂ ಬಂದಿದ್ದ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ ಇನ್ನು ಹುಡುಕಿದರೂ ಸಿಗುವುದಿಲ್ಲ ಎಂದು ಪಕ್ಕದ ಅಂಗಡಿಯವನಿಗೆ ಹೇಳುತ್ತಿದ್ದ.

"ಕೊಟ್ಟ ಮಾತಿಗೆ ತಪ್ಪಿದವನಲ್ಲ," ಎಂದ ಪಕ್ಕದ ಅಂಗಡಿಯವನು.

ಅವಳಿಗೆ ಮೈಯೆಲ್ಲ ಉರಿಯಿತು. ಹೊರಗೆ ಕೊಕ್ಕರೆ ಅಂತಿಮ ದರ್ಶನದ ಸಾಲಿನಲ್ಲಿ ಕೊನೆಯವನಾಗಿ ನಿಂತಿದ್ದ. ಅವನ ಸರದಿ ಬಂದಾಗ ಅವನು ಗೆಳೆಯನ ಮುಖ ನೋಡಿದ, ಎರಡನೆಯ ಗುಂಡಿಯನ್ನೂ ನೋಡಿದ. ಅವಳು ಅವನನ್ನು ಅಡುಗೆಮನೆಗೆ ಕರೆದಳು.

"ಒಂದು ಮಾತು ಕೇಳ್ತೀನಿ. ಇವತ್ತಾದ್ರೂ ಸುಳ್ಳು ಬೇಡ. ನನಗೆ ಮಾತು ಕೊಟ್ಟ ಮೇಲೆ ಅವರು ಮತ್ತೆ ನೀರಿಗೆ ಇಳಿದರಲ್ಲ, ನೀವೇ ಕರೆದದ್ದು ತಾನೆ?"

"ಇಳಿಯಲೇ ಇಲ್ಲವಲ್ಲ ಅತ್ತಿಗೆ."

"ಸುಳ್ಳು."

"ಎಷ್ಟು ಕರೆದೆ ನಾನು. ಬೇಸಿಗೆಯಲ್ಲಿ ಮಂಡಿಯುದ್ದ ನೀರಿದ್ದಾಗಲೂ ಕರೆದೆ. ಅವಳಿಗೆ ಮಾತು ಕೊಟ್ಟಿದೀನಿ ಅಂತ ಪಾದ ಕೂಡ ನೆನೆಸಲಿಲ್ಲ."

ತನ್ನ ಮನೆಯೊಳಗಿನ ಮಾತು ಇವನಿಗೂ ಗೊತ್ತಿತ್ತೇ ಎಂದು ಅವಳಿಗೆ ಚುಚ್ಚಿತು. ಆದರೂ ಕೇಳಿದಳು. "ಮತ್ತೆ ಅಷ್ಟು ದೊಡ್ಡ ಮೀನು?"

ಕೊಕ್ಕರೆ ನಿಧಾನವಾಗಿ ಹೇಳಿದ. ಅಣೆಕಟ್ಟಿನ ಕೆಳಗಿನ ಹೊಳೆ ಮಳೆಯಿಲ್ಲದೆ ಏರುತ್ತದೆ, ಸುಡುಬಿಸಿಲಲ್ಲೂ ಏರುತ್ತದೆ. ನೀರಿನ ಸದ್ದಿನಲ್ಲಿ ದೂರದ ಅಣೆಕಟ್ಟಿನ ಸೈರನ್ ಕೇಳುವುದಿಲ್ಲ. ಅದಕ್ಕೇ ಆ ಅಪಘಾತವಾದ ಮೇಲೆ ಅವರಿಬ್ಬರೂ ನೀರಿನಂಚಿಗೆ ಒಂದು ಕಲ್ಲಿಡುವ ಪದ್ಧತಿ ಮಾಡಿಕೊಂಡರು. ಒಬ್ಬನೇ ಇಳಿಯುವುದು, ಇನ್ನೊಬ್ಬ ಗಾಳ ಹಾಕದೆ ದಡದಲ್ಲಿ ಕೂತು ಕಲ್ಲನ್ನೇ ನೋಡುವುದು. ಕಲ್ಲಿನ ಬುಡ ಒದ್ದೆಯಾದ ತಕ್ಷಣ ಶಿಳ್ಳೆ, ನೀರಲ್ಲಿದ್ದವನು ಮೀನು ಸಿಕ್ಕಿದ್ದರೂ ದಾರ ಕತ್ತರಿಸಿ ಬರಬೇಕು. ಒಂಬತ್ತು ಸಲ ಕೊಕ್ಕರೆ ಹಾಗೆ ಬಂದಿದ್ದಾನೆ.

"ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಕಲ್ಲು ಕಾದವನಿಗೆ. ದಡದವನ ಪಾಲು ಅಂತೀವಿ. ಅವನು ತಂದದ್ದೆಲ್ಲ ಅದೇ."

ಅವಳು ಒಲೆಯ ಕಟ್ಟೆಗೆ ಒರಗಿದಳು. ಇಪ್ಪತ್ತೆಂಟು ವರ್ಷದ ಭಾನುವಾರಗಳು. ಒಂದು ತುಣುಕನ್ನೂ ಬಾಯಿಗಿಟ್ಟಿರಲಿಲ್ಲ.

"ನನ್ನ ಕೈಗಿಂತ ಒಳ್ಳೆ ಕೈ ಅವನದು," ಎಂದ ಕೊಕ್ಕರೆ. ಈಗ ಅವನ ದನಿ ಬಿರುಸಾಗಿತ್ತು. "ನಿಮ್ಮ ಒಂದು ಮಾತಿಗೆ ಅವನು ಗಾಳ ಬಿಟ್ಟು ಕಲ್ಲು ನೋಡ್ತಾ ಕೂತ. ನಾನು ಜೀವ ಉಳಿಸಿದವನು. ನನ್ನ ಮಾತು ನಡೀಲಿಲ್ಲ. ನಿಮ್ಮನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ ಅತ್ತಿಗೆ. ಹೊಟ್ಟೆಕಿಚ್ಚು. ಅದಕ್ಕೇ ಯಾವತ್ತೂ ಗೇಟು ದಾಟಲಿಲ್ಲ."

"ಅವರು ಅಷ್ಟು ಹೊತ್ತು ನಿಮ್ಮನ್ನ ಕಾಯ್ತಾ ಕೂತಿದ್ರು," ಎಂದಳು ಅವಳು. "ನನ್ನನ್ನ ಹಾಗೆ ಕಾಯ್ತಾ ಯಾರೂ ಕೂರಲಿಲ್ಲ."

ಹೊರಗಿನಿಂದ ಮೈದುನ ಹೊತ್ತಾಯಿತೆಂದು ಕೂಗಿದ.

ಪೆಟ್ಟಿಗೆ ಎತ್ತುವಾಗ ಅವಳು ಮೈದುನನ ಹಿರಿಯ ಮಗನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಆ ಜಾಗಕ್ಕೆ ಕೊಕ್ಕರೆಯನ್ನು ಕರೆದಳು. ಎತ್ತರ ಸರಿಹೋಗುವುದಿಲ್ಲ, ಪೆಟ್ಟಿಗೆ ವಾಲುತ್ತದೆ ಎಂದು ಮೈದುನ ಗೊಣಗಿದ.

"ಬಗ್ಗಿಕೊಳ್ತಾರೆ," ಎಂದಳು.

ಕೊಕ್ಕರೆ ಬಗ್ಗಿಕೊಂಡ. ಇಳಿಜಾರಿನ ರಸ್ತೆ, ಡಾಂಬರು ಕಿತ್ತು ಜಲ್ಲಿ ಎದ್ದಿತ್ತು. ಎಡಗಡೆ ಮುಂದಿನ ಮೂಲೆಗೆ ಹೆಗಲು ಕೊಟ್ಟು, ಮಂಡಿ ಮಡಿಸಿ, ಅವನು ಒಂದೊಂದೇ ಹೆಜ್ಜೆಯನ್ನು ತಡವಿ ತಡವಿ ಇಡುತ್ತಿದ್ದ. ತಲೆ ಪೆಟ್ಟಿಗೆಗೆ ಒತ್ತಿಕೊಂಡಿದ್ದರಿಂದ ಕಾಲಡಿ ಅವನಿಗೆ ಕಾಣುತ್ತಿರಲಿಲ್ಲ. ಹಿಂದೆ ಹೆಂಗಸರ ಜೊತೆ ಇದ್ದವಳು ಬಿರಬಿರನೆ ಮುಂದೆ ಬಂದು ರಸ್ತೆಯ ಅಂಚು ಹಿಡಿದು ನಡೆಯತೊಡಗಿದಳು. ಮಗಳು ಕರೆದಳು. ಅವಳು ತಿರುಗಲಿಲ್ಲ, ಅವನ ಪಾದದ ಮುಂದಿನ ನೆಲದಿಂದ ಕಣ್ಣು ತೆಗೆಯಲಿಲ್ಲ.

"ಮುಂದೆ ತಗ್ಗಿದೆ," ಎಂದಳು. "ಬಲಕ್ಕೆ."

ಕೊಕ್ಕರೆ ನೋಡದೆಯೇ ಬಲಕ್ಕೆ ಕಾಲಿಟ್ಟ.