ಊತಾತ್ಮ

"ಏಯ್ ಪಿಳ್ಳಿ, ಕಲ್ಲು ಮುಟ್ಬ್ಯಾಡ ಅಂದ್ರೆ ಕಿವಿ ಕೇಳಾಕಿಲ್ವೇನೇ, ಮುಂಡೆ?"

ಛೇರ್ಮನ್ ರಾಮಾಂಜಿನಪ್ಪ ಕೂಗಿದ್ದಕ್ಕೆ ಪಿಳ್ಳಮ್ಮ ಕೈ ಹಿಂದಕ್ಕೆ ತೆಗೆದಳು. ಆಂಜನೇಯನ ಗುಡಿ ಮುಂದೆ ಆ ಕಲ್ಲಿಗೆ ಗುಂಡಿ ತೋಡಿದವನು ನಾನು, ಮಣ್ಣು ಹೊತ್ತವಳು ಅವಳು. ಗುಂಡಿಗಿಲ್ಲದ ಮೈಲಿಗೆ ಕಲ್ಲಿಗೆ ಬಂದಿತ್ತು. ಕಲ್ಲು ನಿಲ್ಲಿಸುವಾಗಲೂ ಪೂಜೆ ಇದೆಯೆಂದು ನಮ್ಮನ್ನು ಆಚೆ ಕಳಿಸಿದ್ದರು.

ಕಲ್ಲಿನ ಮೇಲಿದ್ದದ್ದು ಅವಳ ಮಗನ ಹೆಸರೇ. ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ. ಹೆಣ ಬರಲಿಲ್ಲ, ತಂತಿ ಬಂತು. ಊರಿಗೆಲ್ಲ 'ಬೈರ' ಆಗಿದ್ದವನು ಕಲ್ಲಿನ ಮೇಲೆ 'ಬೈರಪ್ಪ' ಆಗಿದ್ದ. ನಮ್ಮ ಕೇರಿಯವನು ಅಪ್ಪ ಅನ್ನಿಸಿಕೊಳ್ಳಬೇಕಾದರೆ ಸಾಯಬೇಕು, ಅದೂ ಗಡಿಯಲ್ಲಿ. ಎಂಟು ವರ್ಷ ಯಾರಿಗೂ ಬೇಡವಾಗಿದ್ದವನು, ಹೊಸೂರು ರಸ್ತೆಯ ಹೊಸ ಫ್ಯಾಕ್ಟರಿಗೆ ಮಂತ್ರಿ ಬರುತ್ತಾರೆಂದಾಗ ನೆನಪಾದ.

ಮಂತ್ರಿ ಬಂದರು. ಹಾರ ಹಾಕಿ, "ಹುತಾತ್ಮ ಬೈರಪ್ಪ" ಎಂದು ಮೈಕಿನಲ್ಲಿ ಮೂರು ಸಲ ಹೇಳಿ ಹೋದರು. ವಾಪಸು ಬರುವಾಗ ಪಿಳ್ಳಮ್ಮ ನನ್ನ ತೋಳು ಹಿಡಿದಳು.

"ಅನುಮಯ್ಯ, ಊತಾತ್ಮ ಅಂದ್ರಲ್ಲೋ. ನನ್ ಮಗನ್ನ ತಂದು ಅಲ್ಲೇ ಊತವ್ರಾ?"

ಅಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಊಂ ಕಣಕ್ಕ" ಎಂದುಬಿಟ್ಟೆ.

ಮಾರ್ನಮಿ ಅಮಾವಾಸ್ಯೆಗೆ ನಾವು ಸತ್ತವರನ್ನು ಹೂತ ಜಾಗಕ್ಕೆ ಹೋಗಿ ಎಡೆ ಇಡುತ್ತೇವೆ. ಎಂಟು ಮಾರ್ನಮಿ ಅವಳು ಎಡೆ ಮಾಡಿಕೊಂಡು, ಹೋಗಲು ಜಾಗವಿಲ್ಲದೆ ಬಾಗಿಲಲ್ಲೇ ಕೂತಿದ್ದಳು. ಈ ಸಲ ಮುದ್ದೆ, ಕೋಳಿ ಎಸರು, ಒಂದು ಕಟ್ಟು ಬೀಡಿ ಹಿಡಿದು ಬೆಳಿಗ್ಗೆಯೇ ಕಲ್ಲಿನ ಹತ್ತಿರ ಹೋದಳು.

"ಥೂ! ದೇವರ ಎದುರಿಗೆ ಮಾಂಸ ತಂದಿದಾಳಲ್ಲೋ!" ಎಂದು ಪೂಜಾರಿ ಶ್ಯಾಮಣ್ಣ ಅರಚಿದ. ಜನ ಸೇರಿತು.

"ನನ್ ಮಗನ್ನ ಇಲ್ಲಿ ಊತವ್ರೆ ಸ್ವಾಮಿ. ಎಡೆ ಇಟ್ಟು ವೊಂಟೋಯ್ತೀನಿ."

ರಾಮಾಂಜಿನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಊತವ್ರಂತೆ! ಕೆಳ್ಗೆ ಜಲ್ಲಿ ಬಿಟ್ರೆ ನಿನ್ ಮಗನ್ ಒಂದ್ ಮೂಳೇನೂ ಇಲ್ಲ ಕಣೇ. ಯಾವನೇ ಯೋಳಿದ್ದು?"

ಅವಳು ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕೇರಿಗೆ ಹೋದವಳು ಗುದ್ದಲಿ ಹಿಡಿದು ಬಂದಳು. ಕಂಕುಳಲ್ಲಿ ಬೈರ ಕೊನೆಯ ರಜೆಗೆ ಬಂದಾಗ ಬಿಟ್ಟುಹೋಗಿದ್ದ ಅಂಗಿ. ಯಾರಿಗೂ ಅರ್ಥವಾಗುವ ಮೊದಲೇ ಕಲ್ಲಿನ ಬುಡ ಅಗೆದು, ಅಂಗಿ ಮಲಗಿಸಿ, ಮೂರು ಹಿಡಿ ಮಣ್ಣು ಹಾಕಿ ಮುಚ್ಚಿದಳು.

"ಈಗ ಊತಿವ್ನಿ. ಇದು ನನ್ ಮಗನ್ ಸಮಾದಿ. ತಾಕತ್ತಿದ್ರೆ ಒಲೇರ್ ಎಣಾನ ಮುಟ್ಟಿ ತೆಗೀರೋ!"

ಒಬ್ಬನೂ ಮುಂದೆ ಬರಲಿಲ್ಲ. ಪೂಜಾರಿ ಹಿಂದಕ್ಕೆ ಸರಿದ. ಹೆಣದ ಕೆಲಸವೆಂದರೆ ಊರಿಗೆ ನಾವೇ ಆಗಬೇಕಲ್ಲ, ರಾಮಾಂಜಿನಪ್ಪ ನನ್ನ ಕಡೆ ತಿರುಗಿದ.

"ಅನುಮಾ, ಅಗ್ದು ಎಸಿಯೋ ಅದ್ನ."

ನಾನು ಗುದ್ದಲಿ ತೆಗೆದುಕೊಂಡೆ. ಸುತ್ತಲಿನ ಮಣ್ಣನ್ನೆಲ್ಲ ಎಳೆದು ಆ ಅಂಗಿಯ ಮೇಲೆ ದಿಬ್ಬ ಮಾಡಿದೆ.

"ಲೇ ಸೂಳೇಮಗ್ನೆ!" ಎಂದ ರಾಮಾಂಜಿನಪ್ಪ. ನಾನು ಎಳೆಯುತ್ತಲೇ ಇದ್ದೆ.

ಪಿಳ್ಳಮ್ಮ ನನ್ನನ್ನು ನೋಡಲಿಲ್ಲ. ದಿಬ್ಬದ ಮೇಲೆ ಎಲೆ ಹಾಕಿ ಎಡೆ ಇಟ್ಟಳು, ಬೀಡಿ ಹಚ್ಚಿ ಮಣ್ಣಿಗೆ ಸಿಕ್ಕಿಸಿದಳು. ಅದು ಉರಿದು ಮುಗಿಯುವವರೆಗೂ ಕಾದು, ಆಮೇಲೆ ಒಬ್ಬಳೇ ಮುದ್ದೆ ಮುರಿದಳು.