ಮೇಲಕ್ಕೆ ಬೀಳುವುದು

ಈ ಊರಿನಲ್ಲಿ ನನ್ನಷ್ಟು ಸಲ ಮೇಲೆ ಹೋಗಿ ಕೆಳಗೆ ಬಂದವರು ಹಕ್ಕಿಗಳಲ್ಲೂ ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ಲಿಫ್ಟು ರಿಪೇರಿ ಮಾಡುತ್ತಿದ್ದೇನೆ. ನಾನು ಹತ್ತಿಳಿದ ಮಹಡಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನನ್ನು ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಇನ್ನೂ ಅಷ್ಟೇ ದೂರ ಹೋಗಬಹುದು. ತಂತಿಹಗ್ಗದ ಸದ್ದು ಕೇಳಿಯೇ ಲಿಫ್ಟಿನೊಳಗೆ ಎಷ್ಟು ಜನರಿದ್ದಾರೆ, ಅವರಲ್ಲಿ ಯಾರ ಹೊಟ್ಟೆ ಖಾಲಿ ಇದೆ ಎಂದು ಹೇಳಬಲ್ಲೆ. ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲ; ಇದ್ದರೆ ಒಂದು ಬೊಗಸೆ ಎಳ್ಳಿನಷ್ಟು ಇದ್ದೀತು.

ನನ್ನಕ್ಕ ಮಾತ್ರ ನನ್ನನ್ನು ‘ಬುರುಡೆ’ ಎಂದು ಕರೆಯುತ್ತಾಳೆ. ಕರೆಯಲಿ, ಅವಳಿಗೆ ಹಕ್ಕಿದೆ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಅಂದಿನಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಲಿಫ್ಟು ನೋಡಿಕೊಳ್ಳುವ ಹದಿನಾಲ್ಕು ಮಹಡಿಯ ಹಳೇ ವಸತಿಗೃಹದಲ್ಲೇ ಅವಳೂ ಕೆಲಸ ಮಾಡುತ್ತಾಳೆ. ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆಸಿ, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಒದ್ದೆ ಬಟ್ಟೆಗಳ ಗಾಡಿಯನ್ನು ಲಿಫ್ಟಿಗೆ ತುಂಬಿ, ಹದಿನಾಲ್ಕನೆಯ ಮಹಡಿಗೆ ಬಂದು ಅಲ್ಲಿಂದ ತಾರಸಿಗೆ ಒಣಗಿಸಲು ಒಯ್ಯುತ್ತಾಳೆ. ಆ ಗಾಡಿಯ ಭಾರ ಮರಿಯಾನೆಯಷ್ಟು. ಅಕ್ಕನ ಭಾರ ಎಷ್ಟೆಂದು ಬರೆದರೆ ನನ್ನ ಕಿವಿ ಉಳಿಯುವುದಿಲ್ಲ.

ಅವತ್ತು ಹನ್ನೊಂದು ಗಂಟೆಗೆ ನಾನು ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿದ್ದೆ. ಹಿಂದಿನ ವಾರವಿಡೀ ತಂತಿಹಗ್ಗ ಹಾಯುವ ದೊಡ್ಡ ಗಾಲಿ ಕಿರ್ರೆನ್ನುತ್ತದೆ ಎಂದು ಮ್ಯಾನೇಜರು ಗೊಣಗಿದ್ದರು. “ಸಾರ್, ನಾಳೆಯಿಂದ ಇದು ತಿರುಗ್ತಿದೆಯೋ ಇಲ್ವೋ ಅಂತ ಗಾಲಿಗೇ ಗೊತ್ತಾಗಬಾರದು, ಹಾಗೆ ಮಾಡ್ತೀನಿ” ಎಂದು ಎದೆ ತಟ್ಟಿ ಹೇಳಿದ್ದೆ. ಬೆಳಿಗ್ಗೆ ಬೇರಿಂಗಿಗೆ ಎಣ್ಣೆ ಹಾಕಿದ್ದೆ. ನಾಲ್ಕು ತೊಟ್ಟು ಸಾಕಾಗುವ ಕಡೆ ಅರ್ಧ ಡಬ್ಬ ಸುರಿದಿದ್ದೆ. ನನ್ನ ಕೈ ಸಣ್ಣದಲ್ಲ ನೋಡಿ. ಗಾಲಿ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ನಾನು ಸ್ಟೂಲಿನ ಮೇಲೆ ಕಾಲು ಚಾಚಿ ಆ ಮೌನವನ್ನು ಸವಿಯುತ್ತ ಕುಳಿತಿದ್ದೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಹೋದರೆ ಹೋಗಲಿ, ಅದಕ್ಕೆಲ್ಲ ಹೆದರುವವನಲ್ಲ. ಕರೆಂಟು ಹೋದ ಕೂಡಲೇ ಸ್ಪ್ರಿಂಗಿನ ಬಲದಿಂದ ಎರಡು ಬ್ರೇಕು ಹಲಗೆಗಳು ಗಾಲಿಯ ಜೊತೆ ತಿರುಗುವ ಡ್ರಮ್ಮನ್ನು ಕಚ್ಚಿ ಹಿಡಿಯುತ್ತವೆ, ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಟಕ್ ಎಂದು ಹಲಗೆಗಳು ಕಚ್ಚಿದ ಸದ್ದೂ ಕೇಳಿತು. ಗೋಡೆಯ ಮೇಲಿದ್ದ, ಲಿಫ್ಟಿನೊಳಗಿನವರ ಜೊತೆ ಮಾತಾಡುವ ಡಬ್ಬಿಯಿಂದ ಅಕ್ಕನ ದನಿ ಬಂತು. ಅದು ಬ್ಯಾಟರಿಯ ಮೇಲೆ ನಡೆಯುವಂಥದ್ದು.

“ಲೋ ಬುರುಡೆ, ನಿಂತುಹೋಯ್ತು ಕಣೋ. ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಸಿಕ್ಕೊಂಡಿದ್ದೀನಿ.”

“ಕರೆಂಟು ಹೋಗಿದೆ ಅಷ್ಟೇ ಅಕ್ಕಾ. ಗಾಡಿ ಮೇಲೆ ಒರಗಿಕೊಂಡು ಒಂದು ನಿದ್ದೆ ತೆಗಿ.”

“ಒದ್ದೆ ಬಟ್ಟೆ ಮೇಲೆ ನೀನು ಮಲಗು. ಬೇಗ ಏನಾದ್ರೂ ಮಾಡು, ನನಗೆ ಉಸಿರು ಕಟ್ಟುತ್ತೆ.”

ನಗುತ್ತ ತಂತಿಹಗ್ಗದ ಕಡೆ ನೋಡಿದೆ. ನಾವು ಹಗ್ಗದ ಮೇಲೆ ಒಂದೊಂದು ಮಹಡಿಗೂ ಒಂದೊಂದು ಬಿಳಿ ಬಣ್ಣದ ಪಟ್ಟೆ ಬಳಿದಿರುತ್ತೇವೆ. ಯಾವ ಪಟ್ಟೆ ಗಾಲಿಯ ಹತ್ತಿರವಿದೆಯೋ ಲಿಫ್ಟು ಆ ಮಹಡಿಯಲ್ಲಿದೆ ಎಂದರ್ಥ. ಹದಿನಾಲ್ಕಕ್ಕೆ ಮಾತ್ರ ಕೆಂಪು ಪಟ್ಟೆ. ಅದರಾಚೆ ಆಳುದ್ದ ಖಾಲಿ ಜಾಗ, ಆಮೇಲೆ ಕಾಂಕ್ರೀಟು ತೊಲೆ.

ನಾಲ್ಕನೆಯ ಪಟ್ಟೆ ಅಲುಗಾಡುತ್ತಿತ್ತು. ಅಲುಗಾಡುತ್ತಿದ್ದುದಲ್ಲ, ನಡೆಯುತ್ತಿತ್ತು.

ಬಗ್ಗಿ ಬ್ರೇಕು ಡ್ರಮ್ಮನ್ನು ನೋಡಿದೆ. ಹಲಗೆಗಳು ಕಚ್ಚಿಕೊಂಡೇ ಇದ್ದವು, ಡ್ರಮ್ಮು ಅವುಗಳ ನಡುವೆ ಮೆಲ್ಲಗೆ ಜಾರುತ್ತಿತ್ತು. ಅದರ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೇರಿಂಗಿನಿಂದ ಉಕ್ಕಿದ ನನ್ನ ಎಣ್ಣೆ ಅಂಚಿನಿಂದ ಇಳಿದು ಡ್ರಮ್ಮಿನ ಸುತ್ತ ಹರಡಿತ್ತು.

ಆದರೂ ತಲೆ ಕೆಡಿಸಿಕೊಳ್ಳಲಿಲ್ಲ. ತರಬೇತಿ ಶಾಲೆಯಲ್ಲಿ ನಮ್ಮ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು: “ಎಷ್ಟು ಬೇಗ ಅನ್ನೋದು ಜವ. ಎಷ್ಟು ಬೇಗ, ಯಾವ ಕಡೆಗೆ, ಎರಡೂ ಸೇರಿದರೆ ವೇಗ. ಆ ವೇಗ ಬದಲಾಗ್ತಾ ಹೋದರೆ ವೇಗೋತ್ಕರ್ಷ. ಮೊದಲನೆಯದಕ್ಕೆ ಹೆದರಬೇಡ, ಎರಡನೆಯದನ್ನು ಮರೆಯಬೇಡ, ಮೂರನೆಯದನ್ನು ಕಂಡರೆ ಓಡು.” ಹಾಗಾಗಿ ಎಣಿಸಿದೆ. ನಾಲ್ಕನೆಯ ಪಟ್ಟೆಯಿಂದ ಐದನೆಯದಕ್ಕೆ ಇಪ್ಪತ್ತು ಎಣಿಕೆ. ಐದರ ಪಟ್ಟೆ ದಾಟಿದ ಮೇಲೂ ಅದೇ ನಿಧಾನ. ಅಂದರೆ ಲಿಫ್ಟು ಒಂದೇ ಸಮನಾದ ವೇಗದಲ್ಲಿ, ಬಸವನಹುಳುವಿನ ಹಾಗೆ, ಮೇಲಕ್ಕೆ ಬರುತ್ತಿದೆ.

ಹೌದು, ಮೇಲಕ್ಕೆ. ಜನರೆಲ್ಲ ಲಿಫ್ಟು ಕೆಳಗೇ ಬೀಳುತ್ತದೆ ಎಂದುಕೊಂಡಿದ್ದಾರೆ. ಹಗ್ಗದ ಒಂದು ತುದಿಗೆ ಲಿಫ್ಟು, ಇನ್ನೊಂದು ತುದಿಗೆ ಎದುರುತೂಕದ ಕಬ್ಬಿಣದ ಗಟ್ಟಿಗಳು. ತಕ್ಕಡಿಯ ಹಾಗೆ. ಲಿಫ್ಟು ತುಂಬಿದ್ದರೆ ಅದು ಕೆಳಗೆ ಜಗ್ಗುತ್ತದೆ. ಖಾಲಿಯಾಗಿದ್ದರೆ ಗಟ್ಟಿಗಳು ಕೆಳಗೆ ಜಗ್ಗಿ ಲಿಫ್ಟು ಮೇಲಕ್ಕೆ ಎದ್ದು ಬರುತ್ತದೆ. ಅಕ್ಕನೂ ಒದ್ದೆ ಬಟ್ಟೆಯ ಗಾಡಿಯೂ ಸೇರಿ ತಕ್ಕಡಿಯನ್ನು ಹೆಚ್ಚುಕಡಿಮೆ ಸಮವಾಗಿ ಹಿಡಿದಿದ್ದರು. ಅದಕ್ಕೇ ಈ ಬಸವನಹುಳುವಿನ ನಡಿಗೆ. ಹದಿನಾಲ್ಕಕ್ಕೆ ಬಂದಾಗ, ಗಾಲಿಯನ್ನು ಕೈಯಿಂದ ತಿರುಗಿಸಲು ಇರುವ ಕೈಚಕ್ರ ಹಿಡಿದು ಒಂದೇ ಕೈಯಲ್ಲಿ ನಿಲ್ಲಿಸಿಬಿಡುತ್ತೇನೆ, ಇನ್ನೊಂದು ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತೇನೆ ಎಂದುಕೊಂಡೆ. ಆಗಲೇ, ಆ ಕ್ಷಣವೇ ಹಿಡಿದು ನಿಲ್ಲಿಸಬೇಕಿತ್ತು. ನನ್ನ ಧಿಮಾಕಿಗೆ ಬೆಂಕಿ ಬೀಳ.

“ಅಕ್ಕಾ, ಲಿಫ್ಟು ತಾನೇ ಮೆಲ್ಲಗೆ ಮೇಲೆ ಬರ್ತಿದೆ. ಹೆದರಬೇಡ. ಅಂಬಾರಿ ಮೇಲೆ ಕೂತ ಹಾಗೆ ಕೂತುಕೊಂಡು ಬಾ.”

“ಕರೆಂಟಿಲ್ಲದೆ ಹೇಗೋ ಬರುತ್ತೆ?”

“ನನ್ನ ಮಾತು ಕೇಳುತ್ತೆ ಅದು.”

“ಅಯ್ಯೋ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಲೋ, ಇದು ಬೀಳ್ತಿದೆ ಕಣೋ, ನನಗೆ ಗೊತ್ತಾಗುತ್ತೆ, ಇದು ಬೀಳ್ತಿದೆ!” ಆಮೇಲೆ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳಂತೆ. ದಾರಿಯುದ್ದಕ್ಕೂ ತೆರೆಯಲಿಲ್ಲ.

ಅವಳ ಕೂಗು ಆರನೆಯ ಮಹಡಿಯಲ್ಲಿದ್ದ ಕಾವಲುಗಾರನಿಗೆ ಕೇಳಿತು. ಅವನನ್ನು ಎಲ್ಲರೂ ಕರೆಯುವುದು ‘ಮೀಸೆ’ ಎಂದೇ. ಪಾಪ, ಒಳ್ಳೆಯ ಮನುಷ್ಯ. ನೆಲಮಾಳಿಗೆಗೆ ಬೆಂಕಿ ಬಿದ್ದರೆ ಮೊದಲು ತಾರಸಿಗೆ ನೀರು ಹೊತ್ತುಕೊಂಡು ಓಡುವಷ್ಟು ಒಳ್ಳೆಯವನು. ಅವನ ಬಳಿ ಲಿಫ್ಟಿನ ಹೊರಬಾಗಿಲಿನ ಬೀಗದ ಕೈ ಇತ್ತು. ಲಿಫ್ಟು ಆರನೆಯ ಮಹಡಿಯ ಮಟ್ಟಕ್ಕೆ ಬರುತ್ತಿದ್ದಂತೆ ಹೊರಗಿನ ಜಾಲರಿ ಬಾಗಿಲು, ಒಳಗಿನ ಜಾಲರಿ ಬಾಗಿಲು ಎರಡನ್ನೂ ಎಳೆದು ತೆಗೆದ ಸದ್ದು ನನಗೆ ಡಬ್ಬಿಯಲ್ಲಿ ಕೇಳಿಸಿತು.

“ಅಕ್ಕಾವ್ರೇ, ಬನ್ನಿ ಹೊರಗೆ! ಅಯ್ಯೋ, ಗಾಡಿ ಅಡ್ಡ ಇದೆಯಲ್ಲ! ತಡೀರಿ, ಎಳೀತೀನಿ!”

“ಮೀಸೆ, ಬೇಡ!” ನಾನು ಗೋಡೆಯ ಡಬ್ಬಿಗೆ ಬಾಯಿಟ್ಟು ಕಿರುಚಿದೆ. “ಗಾಡಿ ಮುಟ್ಟಬೇಡ! ಗಾಡಿ ಒಳಗೇ ಇರಲಿ!”

“ಏನು ಮೇಸ್ತ್ರಿ? ಭಾರ ಜಾಸ್ತಿ ಆಗಿ ತಾನೇ ಬೀಳ್ತಿರೋದು? ಭಾರ ಇಳಿಸ್ತಿದ್ದೀನಿ!”

ಗಾಡಿಯ ಚಕ್ರಗಳು ಗಡಗಡನೆ ಉರುಳಿ ಧೊಪ್ಪೆಂದು ನೆಲಕ್ಕಿಳಿದವು. ಅಷ್ಟರಲ್ಲಿ ಲಿಫ್ಟಿನ ತಳ ಮಂಡಿಯೆತ್ತರಕ್ಕೆ ಏರಿತ್ತು. “ಹಾರಿ, ಅಕ್ಕಾವ್ರೇ, ಹಾರಿ!” ಎಂದ ಮೀಸೆ. ಹಾರಿದರೆ ಲಿಫ್ಟಿಗೂ ಮಹಡಿಗೂ ನಡುವಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ, ಕಾಲಿನ ಹಿಂದೆ ಉಳಿದದ್ದೂ ಹೋಗುತ್ತದೆ. ಅಂಥದ್ದನ್ನು ನಾನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ಒಂದೇ ಸಲ. ಅದನ್ನು ಹತ್ತು ಮಾಡಿ ಹೇಳಲು ನನಗೂ ಮನಸ್ಸಿಲ್ಲ.

“ಹಾರಬೇಡ ಅಕ್ಕಾ! ಹಿಂದೆ ಸರಿದು ಗೋಡೆಗೆ ಒರಗಿ ಕೂತುಬಿಡು! ನನ್ನಾಣೆ!”

ಅವಳು ಕೂತಳು. ಅವಳ ಬಳೆಗಳು ತಗಡಿಗೆ ಬಡಿದ ಸದ್ದಿನಿಂದ ಗೊತ್ತಾಯಿತು.

ತಕ್ಕಡಿಯ ಒಂದು ತಟ್ಟೆಯಿಂದ ಮರಿಯಾನೆ ಇಳಿದುಹೋಗಿತ್ತು. ನಾನು ಹಗ್ಗದ ಕಡೆ ತಿರುಗಿದೆ. ಏಳನೆಯ ಪಟ್ಟೆಗೆ ಇಪ್ಪತ್ತಲ್ಲ, ಏಳು ಎಣಿಕೆ. ಎಂಟನೆಯದಕ್ಕೆ ನಾಲ್ಕು. ನನ್ನ ಎಣಿಕೆಯೇ ತಪ್ಪಿರಬೇಕು ಎಂದುಕೊಂಡೆ, ತಪ್ಪಿರಲಿ ಎಂದು ಬೇಡಿಕೊಂಡೆ. ಮೇಷ್ಟ್ರು ಓಡು ಎಂದಿದ್ದ ಮೂರನೆಯದು ಕಣ್ಣೆದುರಿಗೆ ಬಿಳಿ ಪಟ್ಟೆಗಳಾಗಿ ಓಡಿ ಬರುತ್ತಿತ್ತು. ಎಲ್ಲಿಗೆ ಓಡುವುದು? ಅಕ್ಕ ಅದರ ತುದಿಯಲ್ಲಿದ್ದಳು.

ಕೆಳಗೆ ಬೀಳುವ ಲಿಫ್ಟಿಗೆ ನೂರು ಕಾವಲು. ವೇಗ ಮಿತಿ ಮೀರಿದರೆ ಹಳಿಯನ್ನು ಕಚ್ಚಿ ನಿಲ್ಲಿಸುವ ಉಕ್ಕಿನ ಹಲ್ಲುಗಳಿವೆ. ಈ ಹಳೇ ಲಿಫ್ಟಿನಲ್ಲಿ ಆ ಹಲ್ಲುಗಳು ಕೆಳಗೆ ಹೋಗುವಾಗ ಮಾತ್ರ ಕಚ್ಚುತ್ತವೆ. ಮೇಲಕ್ಕೆ ಬೀಳುವವರಿಗೆ ಯಾರೂ ಏನೂ ಮಾಡಿಟ್ಟಿಲ್ಲ. ಮೇಲೆ ಇರುವುದು ತೊಲೆ ಮಾತ್ರ.

ಕೈಚಕ್ರಕ್ಕೆ ಹಾರಿಬಿದ್ದು ಎರಡೂ ಕೈಗಳಿಂದ ಹಿಡಿದೆ. ನಾನು ಒಂದು ಕಾಲದಲ್ಲಿ ಲಾರಿಯನ್ನು ಹಗ್ಗ ಕಟ್ಟಿ ಎಳೆದವನು, ಅಂದರೆ ಎಳೆದವರ ಜೊತೆಗಿದ್ದವನು. ಚಕ್ರ ನನ್ನನ್ನು ಹಳೇ ಚಿಂದಿಯ ಹಾಗೆ ಎತ್ತಿ ಗೋಡೆಗೆ ಎಸೆಯಿತು. ಅಂಗೈಯ ಚರ್ಮ ಅದಕ್ಕೇ ಅಂಟಿಕೊಂಡು ಉಳಿಯಿತು. ಏಳುವಷ್ಟರಲ್ಲಿ ಒಂಬತ್ತು ದಾಟಿತ್ತು. ಮೂರು ಎಣಿಕೆ.

“ಲೋ ತಮ್ಮಾ,” ಡಬ್ಬಿಯಲ್ಲಿ ಅಕ್ಕನ ದನಿ ಸಣ್ಣಗೆ ಬಂತು. ಬುರುಡೆ ಎನ್ನಲಿಲ್ಲ. “ಗಾಳಿ ಜೋರಾಗಿ ಬರ್ತಿದೆ ಕಣೋ. ಇನ್ನೆಷ್ಟು ಆಳ ಇದೆ?”

ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ.

ಮೂಲೆಯಲ್ಲಿ ಬೆಂಕಿ ಆರಿಸಲು ಇಟ್ಟಿದ್ದ ಮರಳಿನ ಬಕೆಟ್ಟು ಕಣ್ಣಿಗೆ ಬಿತ್ತು. ಎರಡೂ ಕೈಗಳಿಂದ ಬಾಚಿ ಡ್ರಮ್ಮಿಗೂ ಹಲಗೆಗೂ ನಡುವೆ ಎರಚಿದೆ. ಹತ್ತನೆಯ ಪಟ್ಟೆ ಸರ್ರನೆ ಹೋಯಿತು. ಮರಳು ಎಣ್ಣೆಯಲ್ಲಿ ಕಲಸಿ ಚೆಲ್ಲಿಹೋಯಿತು, ಏನೂ ಆಗಲಿಲ್ಲ. ಮತ್ತೆ ಬಾಚಿದೆ, ಎರಚಿದೆ. ಹನ್ನೊಂದು. ಸಿಪ್ಪೆ ಸುಲಿದ ಅಂಗೈಗೆ ಮರಳು ಕೆಂಡದ ಹಾಗೆ ತಾಗುತ್ತಿತ್ತು. ಕೊನೆಗೆ ಬಕೆಟ್ಟನ್ನೇ ಎತ್ತಿ ಬೋರಲು ಹಾಕಿದೆ.

ಡ್ರಮ್ಮು ಕಿರುಚಿತು. ಅಂಥ ಸದ್ದನ್ನು ಯಾವ ಪ್ರಾಣಿಯೂ ಮಾಡಿಲ್ಲ. ಸುಟ್ಟೆಣ್ಣೆಯ ಹೊಗೆ ಕೋಣೆಯನ್ನೆಲ್ಲ ತುಂಬಿತು. ಅದೇ ಕ್ಷಣ ಅಕ್ಕ ಕೂಗಿದಳು:

“ಬಿದ್ದೆ! ಮೈ ಹಗುರ ಆಯ್ತು! ಹೊಟ್ಟೆ ಬಾಯಿಗೆ ಬಂತು ಕಣೋ, ಬಿದ್ದೇಹೋದೆ!”

ಅವಳ ಹೊಟ್ಟೆ ಹೇಳಿದ್ದು ನಿಜ, ಅವಳ ತಲೆ ತಿಳಿದುಕೊಂಡದ್ದು ಸುಳ್ಳು. ಎಷ್ಟು ಬೇಗ ಹೋಗುತ್ತಿದ್ದೇವೆ ಎನ್ನುವುದು ಮೈಗೆ ಗೊತ್ತಾಗುವುದಿಲ್ಲ. ವೇಗ ಬದಲಾದರೆ ಮಾತ್ರ ಗೊತ್ತಾಗುತ್ತದೆ. ಮೇಲಕ್ಕೆ ಹೋಗುತ್ತಿರುವ ಲಿಫ್ಟು ನಿಧಾನವಾದರೆ ಬೀಳುವವರಿಗೆ ಆಗುವ ಹಾಗೇ ಮೈ ಹಗುರಾಗುತ್ತದೆ. ಅವಳು ಬದುಕುತ್ತಿದ್ದಳು. ಬದುಕುವುದಕ್ಕೂ ಸಾಯುವುದಕ್ಕೂ ಅವಳ ಹೊಟ್ಟೆಗೆ ವ್ಯತ್ಯಾಸ ತಿಳಿಯಲಿಲ್ಲ. ಆದರೆ ನನಗೂ ಎಲ್ಲಿ ತಿಳಿದಿತ್ತು? ಹೊಗೆಯಲ್ಲಿ ಹಗ್ಗವೇ ಕಾಣುತ್ತಿರಲಿಲ್ಲ. ಅಡ್ಡಲಾಗಿ ಎದೆಯನ್ನೊತ್ತಿ ಕೈಚಕ್ರವನ್ನು ತಬ್ಬಿಕೊಂಡೆ. ಪಕ್ಕೆಲುಬುಗಳು ಒಂದೊಂದಾಗಿ ಲಟಲಟ ಎಂದವು. ಎಂಟೋ ಹತ್ತೋ ಮುರಿದಿರಬೇಕು. ವೈದ್ಯರು ಒಂದು ಎಂದು ಬರೆದುಕೊಟ್ಟರು, ಅವರಿಗೆ ಎಣಿಸಲು ಬರುವುದಿಲ್ಲ.

ಚಕ್ರ ನಿಂತಿತು.

ಹೊಗೆ ಸರಿದಾಗ ಕೆಂಪು ಪಟ್ಟೆ ಕಂಡಿತು. ಗಾಲಿಯನ್ನು ಮುಟ್ಟಿ, ಒಂದು ಗೇಣು ಆಚೆ ಹೋಗಿತ್ತು.

“ಅಕ್ಕಾ?”

ಡಬ್ಬಿಯಲ್ಲಿ ಸದ್ದಿಲ್ಲ.

“ಅಕ್ಕಾ, ಮಾತಾಡು. ಬೈಯಿ. ಏನಾದ್ರೂ ಬೈಯಿ.”

ಅದೆಷ್ಟು ಹೊತ್ತು ಸದ್ದಿಲ್ಲದೆ ಹೋಯಿತೋ ನಾನು ಎಣಿಸಲಿಲ್ಲ. ಕೊನೆಗೆ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಬಂದ ಮೀಸೆಯ ದನಿ, ಜಾಲರಿ ಬಾಗಿಲು ಸರಿದ ಸದ್ದು.

“ಅಕ್ಕಾವ್ರೇ, ಕಣ್ಣು ಬಿಡಿ. ಕೈ ಕೊಡಿ, ಒಂದು ಗೇಣು ಕೆಳಗೆ ಇಳೀಬೇಕು, ಅಷ್ಟೇ.”

“ಇದು ಯಾವ ನೆಲಮಾಳಿಗೆ? ಬಿಸಿಲು ಹೇಗೆ ಬಂತು ಇಲ್ಲಿಗೆ?”

“ಹದಿನಾಲ್ಕನೇ ಮಹಡಿ ಅಕ್ಕಾವ್ರೇ.”

“ಸುಳ್ಳು ಹೇಳಬೇಡ. ನಾನು ಬಿದ್ದೆ.”

ಆಮೇಲೆ ತಾರಸಿಯ ಮೆಟ್ಟಿಲ ಮೇಲೆ ಅವಳ ಭಾರವಾದ ಹೆಜ್ಜೆಗಳು. ಬಾಗಿಲಲ್ಲಿ ನಿಂತು ಹೊಗೆ, ಚೆಲ್ಲಿದ ಮರಳು, ಚಕ್ರವನ್ನು ತಬ್ಬಿಕೊಂಡಿದ್ದ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಏನಾಯ್ತೋ ಇದಕ್ಕೆ?”

ಕರೆಂಟಿನ ಮೇಲೆ ಹಾಕಬಹುದಿತ್ತು, ಮೀಸೆಯ ಮೇಲೆ ಹಾಕಬಹುದಿತ್ತು, ಲಿಫ್ಟು ಮಾಡಿದವರ ಮೇಲೆ ಹಾಕಬಹುದಿತ್ತು. ನನಗೆ ಕತೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ.

“ಎಣ್ಣೆ ಜಾಸ್ತಿ ಹಾಕಿದೆ ಅಕ್ಕಾ. ನಾನೇ. ಬ್ರೇಕಿಗೆ ಇಳಿದುಬಿಡ್ತು.”

ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ಬಿಡು ಅದನ್ನ. ನಾನು ಇಳಿದಾಯ್ತಲ್ಲ. ಒಳಗೆ ಯಾರೂ ಇಲ್ಲ.”

“ಬಿಟ್ಟರೆ ಹೋಗುತ್ತೆ.”

“ಹೋದರೆ ಹೋಗ್ಲಿ. ಖಾಲಿ ಡಬ್ಬ.”

ಖಾಲಿ ಎಂದು ನನಗೂ ಗೊತ್ತಿತ್ತು. ಆದರೂ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಬಿಡು ಎಂದು ಅವಕ್ಕೆ ಹೇಳುತ್ತಿದ್ದೆ, ಅವು ಬೇರೆ ಯಾರದೋ ಬೆರಳುಗಳ ಹಾಗೆ ಚಕ್ರವನ್ನು ಹಿಡಿದೇ ಇದ್ದವು. ಕಣ್ಣು ಕೆಂಪು ಪಟ್ಟೆಯನ್ನು ಬಿಟ್ಟು ಕದಲಲಿಲ್ಲ. ಅದು ಕೂದಲೆಳೆಯಷ್ಟು ಸರಿದ ಹಾಗೆ ಕಂಡಿತು, ಮತ್ತೆ ಇಲ್ಲವೆನ್ನಿಸಿತು.

ಅಕ್ಕ ಕಿರುಬೆರಳಿನಿಂದ ಶುರುಮಾಡಿದಳು. ಒಂದನ್ನು ಬಿಡಿಸಿ ಹಿಡಿದುಕೊಂಡು, ಇನ್ನೊಂದನ್ನು ಬಿಡಿಸುತ್ತಿದ್ದಳು.