ಪಾಂಗ್ ವೈದ್ಯರಿಗೆ ರೇಷ್ಮೆ ಪತಾಕೆ

ನನ್ನ ಗಂಡ ಬಾವ್‌ಶೆಂಗ್ ಮದುವೆಗೂ ಸಾವಿಗೂ ಊದುವ ಓಲಗದವನು. ಯಾರದೋ ಮದುವೆಯಲ್ಲಿ ಕಂಠಮಟ್ಟ ಕುಡಿದು ಫ್ಯಾನಿನ ಕೆಳಗೆ ಬಿದ್ದುಕೊಂಡ. ಬೆಳಿಗ್ಗೆ ನೋಡಿದರೆ ಬಾಯಿ ಎಡಕ್ಕೆ ಸೊಟ್ಟಗಾಗಿದೆ, ಬಲಗಣ್ಣು ಮುಚ್ಚುತ್ತಿಲ್ಲ, ಜೋತುಬಿದ್ದ ಬಲಗೆನ್ನೆಯ ಕಡೆಯಿಂದ ಗಂಜಿ ಸೋರುತ್ತಿದೆ. ಕೆನ್ನೆಯಲ್ಲಿ ಗಾಳಿ ನಿಲ್ಲದ ಓಲಗದವನನ್ನು ಸಾವಿನ ಮನೆಗೆ ಯಾರು ಕರೆಯುತ್ತಾರೆ?

ಇವತ್ತೇ ಪಟ್ಟಣದ ಆಸ್ಪತ್ರೆಗೆ ಹೋಗೋಣ, ತಡವಾದರೆ ಕಷ್ಟವಂತೆ ಎಂದೆ. ಕೇಳಿದರೆ ತಾನೇ? ಈ ಮಹಾಶಯ ಊರಲ್ಲೇ ನಾಟಿ ಮದ್ದು ಕೊಡುವ ಪಾಂಗ್ ವೈದ್ಯರ ಬಳಿಗೆ ಓಡಿದ. ಮುಖದೊಳಗೆ ಗಾಳಿ ಹೊಕ್ಕಿದೆ, ಎಳೆದು ತೆಗೆಯುತ್ತೇನೆ ಎಂದರು ಅವರು. ಹಾವುಮೀನಿನ ರಕ್ತ ಬಳಿದರು, ಹರಳುಬೀಜ ಅರೆದು ಮೆತ್ತಿದರು. ಒಣ ಚೇಳು, ಸತ್ತ ರೇಷ್ಮೆಹುಳು ಹಾಕಿ ಕಷಾಯ ಕಾಯಿಸಿದವಳು ನಾನು. ಮನೆಯೆಲ್ಲ ನಾತ, ಅವನ ಕೆನ್ನೆಯ ಮೇಲೆ ನೊಣಗಳ ಸಂತೆ. ಗಾಳಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ದಿನ ಕಳೆದಂತೆ ಬಾಯಿ ತಾನಾಗಿಯೇ ತುಸು ನೆಟ್ಟಗಾಗಿದ್ದೇ ತಡ, ವೈದ್ಯರಿಗೆ ಗುಣವಾದವರು ಕೊಡುವ ಕೃತಜ್ಞತೆಯ ಪತಾಕೆ ಬೇಕಾಯಿತು. ಕೆಂಪು ರೇಷ್ಮೆಯ ಮೇಲೆ ‘ಮುಟ್ಟಿದರೆ ರೋಗ ಮಾಯ’ ಎಂದು ಬರೆಸಲು ಅವರೇ ಹೇಳಿಕೊಟ್ಟರು. ನಾಚಿಕೆಗೆಟ್ಟವರು. ಸಂತೆಯ ದಿನ ಬಾವ್‌ಶೆಂಗನೇ ಓಲಗ ಊದಿ ಅದನ್ನು ಒಪ್ಪಿಸಬೇಕಂತೆ.

ಮನೆಯಲ್ಲಿ ಊದಿ ನೋಡಿದ. ಬಾಯಿಯ ಬಲಮೂಲೆಯಿಂದ ಗಾಳಿ ಪುಸ್ಸೆಂದಿತು.

"ಮುದುಕಿ, ಪಕ್ಕದಲ್ಲಿ ನಿಂತು ಇಲ್ಲಿ ಬೆರಳಲ್ಲಿ ಒತ್ಕೊಂಡಿರು. ಪತಾಕೆ ಅಡ್ಡ ಇರತ್ತೆ, ಯಾರಿಗೂ ಕಾಣಲ್ಲ. ಇಲ್ದಿದ್ರೆ ನಮ್ಮನ್ನ ಯಾವ ಸಾವಿಗೂ ಕರೆಯಲ್ಲ."

"ಆಸ್ಪತ್ರೆ?"

"ಊದೋಕೆ ಬಂದ್ಮೇಲೆ ಆಸ್ಪತ್ರೆ ಯಾಕೆ?"

ಇಂಥವನನ್ನು ಕಟ್ಟಿಕೊಂಡ ತಪ್ಪಿಗೆ ಒತ್ತಿದೆ. ಓಲಗ ಎಂದಿನಂತೆ ಮೊಳಗಿತು, ಸಂತೆಯ ಜನ ತಲೆದೂಗಿದರು. ಓಲಗ ನಿಲ್ಲುವ ಮೊದಲೇ ಪಾಂಗ್ ವೈದ್ಯರು ಹೊಟ್ಟೆ ಮುಂದೆ ಮಾಡಿ ಹಾವುಮೀನಿನ ಮಹಿಮೆ ಹೇಳತೊಡಗಿದರು. ಗುಂಪಿನ ಮುಂದೆ ತಾಯಿಯ ಪಕ್ಕದಲ್ಲಿ ಹುಡುಗಿಯೊಬ್ಬಳು ನಿಂತಿದ್ದಳು. ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ ಸರಿದಾಗ ಅವಳ ತುಟಿಯೂ ಸೊಟ್ಟಗಿರುವುದು ಕಂಡಿತು. ನಿನ್ನೆಯಷ್ಟೇ ಹೀಗಾಯಿತೆಂದು ತಾಯಿ ಯಾರಿಗೋ ಹೇಳುತ್ತಿದ್ದಳು.

"ಇನ್ನು ಪಟ್ಟಣಕ್ಕೆ ಯಾಕೆ ಹೋಗೋದು? ಇಲ್ಲೇ ತೋರಿಸೋಣ," ಎಂದಳು ತಾಯಿ.

ಬೆರಳು ತೆಗೆದೆ.

ಪುಸ್ಸೆಂದು ಓಲಗ ಸತ್ತಿತು. ಬೆರಳನ್ನು ಆ ತಾಯಿಯ ಮುಂದೆ ಹಿಡಿದೆ.

"ನೋಡವ್ವ, ಇವನಿಗೆ ಗುಣ ಆಗಿರೋದು ಇದರಿಂದ. ಮಗಳನ್ನ ಬಸ್ ಹತ್ತಿಸು."

ಹತ್ತಿಸಿದಳು. ಬಾವ್‌ಶೆಂಗ್ ನನ್ನನ್ನೇ ನೋಡುತ್ತಿದ್ದ. ಮುಚ್ಚಲಾಗದ ಆ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಅಂದಿನಿಂದ ನಮ್ಮನ್ನು ಯಾರೂ ಸಾವಿಗೆ ಕರೆದಿಲ್ಲ. ಪಾಂಗ್ ವೈದ್ಯರ ಗೋಡೆಯ ಮೇಲೆ ಪತಾಕೆ ಇನ್ನೂ ತೂಗುತ್ತಿದೆ. ಕೆಳಗೆ ನನ್ನ ಗಂಡನ ಹೆಸರಿದೆ.